ಧಾತುಗಳ ಮೂರು ಜರಡಿ

ಹೊಸಕೋಟೆ ದಾಟಿ ಶಿಡ್ಲಘಟ್ಟದ ಕಡೆ ಹೊರಟರೆ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ‘ಕ್ರೆಸ್ಟ್’ ಆವರಣ ಸಿಗುತ್ತದೆ. ಇಲ್ಲಿ ಕುಳಿತ ಖಗೋಳ ವಿಜ್ಞಾನಿಗಳು ಲಡಾಖ್‌ನ ಹ್ಯಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. 2 ಮೀಟರ್ ವ್ಯಾಸದ ಅದರ ಕನ್ನಡಿಗೆ ಬಿದ್ದ ನಕ್ಷತ್ರದ ಬೆಳಕನ್ನು ಬಣ್ಣಬಣ್ಣಕ್ಕೆ ಬಿಡಿಸಿದಾಗ ರೋಹಿತದ ನಡುವೆ ಸಣ್ಣ ಕಪ್ಪು ಗೆರೆಗಳು ಕಾಣುತ್ತವೆ. ಯಾವ ಗೆರೆ ಯಾವ ಧಾತುವಿನದು, ಅದು ಎಷ್ಟು ಗಾಢವಾಗಿದೆ ಎಂದು ಅಳೆದರೆ ಆ ನಕ್ಷತ್ರದಲ್ಲಿ ಏನು ಎಷ್ಟಿದೆ ಎಂಬ ಲೆಕ್ಕ ಸಿಗುತ್ತದೆ. 2020ರಲ್ಲಿ ಈ ಸಂಸ್ಥೆಯ ಅನಿರ್ಬನ್ ಭೌಮಿಕ್, ಗಜೇಂದ್ರ ಪಾಂಡೆ ಹಾಗೂ ಅಮೆರಿಕದ ಡೇವಿಡ್ ಲ್ಯಾಂಬರ್ಟ್ ಅಂಥದೊಂದು ಲೆಕ್ಕವನ್ನು ಪ್ರಕಟಿಸಿದರು. ಹೈಡ್ರೋಜನ್ ಬಹುತೇಕ ಕಳೆದುಕೊಂಡು ಹೀಲಿಯಂನಿಂದಲೇ ತುಂಬಿರುವ ಬಿಸಿ ನಕ್ಷತ್ರಗಳಲ್ಲಿ ಅವರಿಗೆ ಫ್ಲೋರಿನ್ ಕಂಡಿತ್ತು, ಅದೂ ಸಾಮಾನ್ಯ ನಕ್ಷತ್ರಗಳಿಗಿಂತ ನೂರರಿಂದ ಹತ್ತು ಸಾವಿರ ಪಟ್ಟು ಹೆಚ್ಚು. ಅವರು ಬಳಸಿದ ರೋಹಿತಗಳಲ್ಲಿ ಹ್ಯಾನ್ಲೆಯಿಂದ ಬಂದವೂ ಇದ್ದವು.

ಫ್ಲೋರಿನ್ ಸಿಕ್ಕಿದ್ದು ಸುದ್ದಿಯಾಗಲು ಕಾರಣವಿದೆ. ವಿಶ್ವದಲ್ಲಿ ಅದು ಅಪರೂಪದ ಧಾತು.

ಆದರೆ ಹೊಸಕೋಟೆಯಿಂದ ಪೂರ್ವಕ್ಕೆ ಕೋಲಾರದ ಕಡೆಗೋ, ಉತ್ತರಕ್ಕೆ ಚಿಕ್ಕಬಳ್ಳಾಪುರದ ಕಡೆಗೋ, ವಾಯುವ್ಯಕ್ಕೆ ತುಮಕೂರು, ಪಾವಗಡದ ಕಡೆಗೋ ಹೋದರೆ ‘ಫ್ಲೋರೈಡ್ ನೀರು’ ಎಂಬುದು ಹಳ್ಳಿಹಳ್ಳಿಯ ಮನೆಮಾತು. ಮಕ್ಕಳ ಮುಂಭಾಗದ ಹಲ್ಲುಗಳಲ್ಲಿ ಹಳದಿ, ಕಂದು ಗೆರೆಗಳನ್ನು ಕಂಡ ಯಾರೂ ಅಲ್ಲಿ ಆ ಧಾತುವನ್ನು ಅಪರೂಪ ಎನ್ನಲಾರರು. ನಕ್ಷತ್ರದಲ್ಲಿ ಹುಡುಕಿ ತೆಗೆಯಬೇಕಾದದ್ದು ಬಿಂದಿಗೆಯಲ್ಲಿ ತಾನಾಗಿ ಬಂದು ಕೂರುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಧಾತುಗಳ ಹಂಚಿಕೆಯ ಇಡೀ ಕಥೆ ಬಿಚ್ಚಿಕೊಳ್ಳುತ್ತದೆ. ಜೊತೆಗೆ, ಆ ಕಥೆಯಲ್ಲಿ ಪ್ರಕೃತಿಯ ಪಾಲು ಎಲ್ಲಿಗೆ ಮುಗಿಯುತ್ತದೆ, ಮನುಷ್ಯನ ಹೊಣೆ ಎಲ್ಲಿಂದ ಶುರುವಾಗುತ್ತದೆ ಎಂಬುದೂ ತಿಳಿಯುತ್ತದೆ. ಧಾತುಗಳು ನಮ್ಮ ಬಳಿಗೆ ಮೂರು ಜರಡಿಗಳನ್ನು ದಾಟಿ ಬಂದಿವೆ: ನಕ್ಷತ್ರದ್ದು ಒಂದು, ಬಂಡೆಯದು ಇನ್ನೊಂದು, ನೀರಿನದು ಮತ್ತೊಂದು. ಮೊದಲೆರಡು ಶತಕೋಟಿ ವರ್ಷಗಳ ಹಿಂದೆಯೇ ತಮ್ಮ ಕೆಲಸ ಮುಗಿಸಿವೆ. ಮೂರನೆಯದು ಇಂದಿಗೂ ಆಡುತ್ತಿದೆ, ಮತ್ತು ಅದರ ಒಂದು ಅಂಚು ನಮ್ಮ ಕೈಯಲ್ಲಿದೆ.

ವಿಶ್ವದ ಸಾಮಾನ್ಯ ದ್ರವ್ಯರಾಶಿಯಲ್ಲಿ ಮುಕ್ಕಾಲು ಪಾಲು ಹೈಡ್ರೋಜನ್, ಉಳಿದ ಕಾಲು ಪಾಲಿನಲ್ಲಿ ಬಹುತೇಕ ಹೀಲಿಯಂ. ಕಲ್ಲು, ಮಣ್ಣು, ಮರ, ಮನುಷ್ಯರನ್ನು ಕಟ್ಟಿರುವ ಬಾಕಿ ಧಾತುಗಳೆಲ್ಲ ಸೇರಿದರೂ ನೂರಕ್ಕೆ ಒಂದೆರಡು ಪಾಲು. ಇದು ತಿಳಿದು ನೂರು ವರ್ಷವಾಯಿತಷ್ಟೆ. 1920ರಲ್ಲಿ ಮೇಘನಾದ ಸಾಹಾ ಅವರು ಉಷ್ಣತೆಗೆ ತಕ್ಕಂತೆ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಳ್ಳುವ ಸಮೀಕರಣ ಕೊಟ್ಟರು. ಅದನ್ನು ಹಿಡಿದು ಸಿಸಿಲಿಯಾ ಪೇನ್ ಎಂಬ ಯುವತಿ 1925ರಲ್ಲಿ ನಕ್ಷತ್ರಗಳು ಮುಖ್ಯವಾಗಿ ಹೈಡ್ರೋಜನ್‌ನಿಂದಾದವು ಎಂಬ ಲೆಕ್ಕಕ್ಕೆ ಬಂದರು. ಅಂದಿನ ಹಿರಿಯ ವಿಜ್ಞಾನಿ ಹೆನ್ರಿ ನಾರಿಸ್ ರಸೆಲ್ ಮೊದಲು ಇದನ್ನು ಒಪ್ಪಲಿಲ್ಲ. ಭೂಮಿಯಲ್ಲಿ ಏನು ಹೆಚ್ಚೋ ಸೂರ್ಯನಲ್ಲೂ ಅದೇ ಹೆಚ್ಚು ಎಂಬ ನಂಬಿಕೆ ಆಗ ಅಷ್ಟು ಗಟ್ಟಿಯಾಗಿತ್ತು. ನಾಲ್ಕು ವರ್ಷಗಳ ನಂತರ ಸ್ವತಃ ರಸೆಲ್ ಅವರೇ ಬೇರೆ ದಾರಿಯಿಂದ ಅದೇ ತೀರ್ಮಾನಕ್ಕೆ ಬಂದರು.

ಹೀಲಿಯಂ ಆಚೆಗಿನ ಧಾತುಗಳನ್ನು ಪರಮಾಣು ಸಂಖ್ಯೆಯ ಸರದಿಯಲ್ಲಿ ನಿಲ್ಲಿಸಿ, ಒಂದೊಂದರ ಪ್ರಮಾಣವನ್ನು ನಕ್ಷೆಯಲ್ಲಿ ಗುರುತಿಸಿದರೆ ಗೆರೆ ಇಳಿಯುತ್ತ ಹೋಗುತ್ತದೆ. ಆದರೆ ನೇರವಾಗಿ ಇಳಿಯುವುದಿಲ್ಲ. ಗರಗಸದ ಹಲ್ಲಿನಂತೆ ಏರಿಳಿಯುತ್ತ ಇಳಿಯುತ್ತದೆ. ಸಮಸಂಖ್ಯೆಯ ಧಾತು ತನ್ನ ಎಡಬಲದ ಬೆಸಸಂಖ್ಯೆಯ ಧಾತುಗಳಿಗಿಂತ ಹೆಚ್ಚು ಸಿಗುತ್ತದೆ. ಇಟಲಿಯ ಜುಸೆಪ್ಪೆ ಒಡ್ಡೊ 1914ರಲ್ಲೂ ಅಮೆರಿಕದ ವಿಲಿಯಂ ಹಾರ್ಕಿನ್ಸ್ 1917ರಲ್ಲೂ ಗುರುತಿಸಿದ ಈ ನಿಯಮಕ್ಕೆ ಹೈಡ್ರೋಜನ್, ಬೆರಿಲಿಯಂ ಹೊರತು. ಮಿಕ್ಕ ಕಡೆ ಅದು ಬಹುಮಟ್ಟಿಗೆ ನಡೆಯುತ್ತದೆ. ಪರಮಾಣುವಿನ ಬೀಜದಲ್ಲಿ ಪ್ರೋಟಾನ್‌ಗಳು ಜೋಡಿಯಾಗಿದ್ದರೆ ಅದು ಹೆಚ್ಚು ಭದ್ರ. ಸೀಸಕ್ಕಿಂತ ಹಗುರವಾದ ಧಾತುಗಳಲ್ಲಿ ಸ್ಥಿರ ರೂಪವೇ ಇಲ್ಲದವು ಎರಡೇ, 43ನೆಯ ಟೆಕ್ನೀಶಿಯಂ ಮತ್ತು 61ನೆಯ ಪ್ರೊಮೀಥಿಯಂ. ಎರಡೂ ಬೆಸ.

ನಕ್ಷತ್ರದ ಒಳಗೆ ಧಾತುಗಳು ಹುಟ್ಟುವ ಬಗೆಯೂ ಇದೇ ಕಡೆಗೆ ವಾಲಿದೆ. ಮೂರು ಹೀಲಿಯಂ ಬೀಜಗಳು ಸೇರಿದರೆ 6ನೆಯ ಇಂಗಾಲ, ಅದಕ್ಕೆ ಇನ್ನೊಂದು ಸೇರಿದರೆ 8ನೆಯ ಆಮ್ಲಜನಕ. ಹೀಲಿಯಂ ಎರಡು ಪ್ರೋಟಾನ್‌ಗಳ ಗಂಟಾದ್ದರಿಂದ ಹೆಜ್ಜೆಯೂ ಎರಡೆರಡೇ. 1957ರಲ್ಲಿ ಮಾರ್ಗರೆಟ್ ಬರ್ಬಿಜ್, ಜೆಫ್ರಿ ಬರ್ಬಿಜ್, ವಿಲಿಯಂ ಫೌಲರ್ ಮತ್ತು ಫ್ರೆಡ್ ಹಾಯ್ಲ್ ಈ ಅಡುಗೆಯ ಕ್ರಮವನ್ನೆಲ್ಲ ಒಂದೇ ದೀರ್ಘ ಪ್ರಬಂಧದಲ್ಲಿ ಬಿಡಿಸಿಟ್ಟರು. ಫ್ಲೋರಿನ್ 9ನೆಯದು: ಆಮ್ಲಜನಕಕ್ಕೂ ನಿಯಾನ್‌ಗೂ ನಡುವೆ ಸಿಕ್ಕಿಕೊಂಡ ಬೆಸಸಂಖ್ಯೆ. ಅದಕ್ಕಿರುವುದು ಒಂದೇ ಸ್ಥಿರ ರೂಪ. ನಕ್ಷತ್ರದ ಬಿಸಿಯಲ್ಲಿ ಪ್ರೋಟಾನ್ ಅಥವಾ ಹೀಲಿಯಂ ಬೀಜ ಬಡಿದರೆ ಅದೂ ಉಳಿಯುವುದಿಲ್ಲ. ಹಾಗಾಗಿ ಸೌರವ್ಯೂಹದಲ್ಲಿ ಒಂದು ಫ್ಲೋರಿನ್ ಪರಮಾಣುವಿಗೆ ಸಾವಿರಾರು ನಿಯಾನ್, ಹತ್ತು ಸಾವಿರಕ್ಕೂ ಮಿಕ್ಕಿ ಆಮ್ಲಜನಕ ಪರಮಾಣುಗಳಿವೆ. ಮೊದಲ ಜರಡಿ ಫ್ಲೋರಿನ್ನನ್ನು ಹೆಚ್ಚುಕಡಿಮೆ ಆಚೆಗೇ ಹಾಕಿತ್ತು.

ಎರಡನೆಯ ಜರಡಿಯ ನ್ಯಾಯವೇ ಬೇರೆ. ಭೂಮಿ ರೂಪುಗೊಳ್ಳುವಾಗ ಕೇಳಿದ್ದು ಬೀಜ ಎಷ್ಟು ಭದ್ರ ಎಂದಲ್ಲ, ಯಾರು ಯಾರ ಜೊತೆ ಕೂಡುತ್ತಾರೆ ಎಂದು. ನಿಯಾನ್ ಯಾರೊಂದಿಗೂ ಕೂಡದ ಅನಿಲ. ಅದರ ಬಹುಪಾಲು ಭೂಮಿಗೆ ದಕ್ಕಲೇ ಇಲ್ಲ. ಫ್ಲೋರಿನ್ ಬಹುತೇಕ ಎಲ್ಲದರ ಜೊತೆಗೂ ಬಿಗಿಯಾಗಿ ಬೆಸೆಯುವ ಧಾತು. ಅದು ಕಲ್ಲಿನಲ್ಲಿ ಉಳಿಯಿತು. ವಿಶ್ವದಲ್ಲಿ ನಿಯಾನ್ ಮುಂದೆ ಲೆಕ್ಕಕ್ಕೇ ಬಾರದ ಫ್ಲೋರಿನ್ ಈಗ ಭೂಕವಚದ ಒಂದು ಟನ್ ಶಿಲೆಯಲ್ಲಿ ಸರಾಸರಿ ಅರ್ಧ ಕಿಲೋಗಿಂತ ತುಸು ಹೆಚ್ಚೇ ಇದೆ. ಕಬ್ಬಿಣದ ಗತಿ ಇದಕ್ಕೆ ಉಲ್ಟಾ. ಇಡೀ ಭೂಮಿಯ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಕಬ್ಬಿಣವೇ ಆದರೂ ಬಹುಪಾಲು ಕೇಂದ್ರಗೋಳಕ್ಕೆ ಇಳಿದುಹೋಗಿ ಭೂಕವಚದಲ್ಲಿ ಸುಮಾರು 5 ಶೇಕಡ ಮಾತ್ರ ಉಳಿದಿದೆ. ಇಲ್ಲಿ ಆಮ್ಲಜನಕ 46 ಶೇಕಡ, ಸಿಲಿಕಾನ್ 28, ಅಲ್ಯೂಮಿನಿಯಂ 8. ಈ ಸರಾಸರಿಗಳನ್ನು ಮೊದಲಿಗೆ ವ್ಯವಸ್ಥಿತವಾಗಿ ಲೆಕ್ಕಹಾಕಿದವರು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಫ್ರಾಂಕ್ ಕ್ಲಾರ್ಕ್, 1889ರಲ್ಲಿ. ಯಾವ ಧಾತು ಕಬ್ಬಿಣದ ಜೊತೆ ಕೆಳಗಿಳಿಯುತ್ತದೆ, ಯಾವುದು ಗಂಧಕವನ್ನು ಹಿಡಿಯುತ್ತದೆ, ಯಾವುದು ಸಿಲಿಕೇಟ್ ಶಿಲೆಯಲ್ಲಿ ನೆಲೆಸುತ್ತದೆ, ಯಾವುದು ಗಾಳಿಗೆ ಸೇರುತ್ತದೆ ಎಂದು ವಿಂಗಡಿಸಿ ಕಾರಣ ಹೇಳಿದವರು ವಿಕ್ಟರ್ ಗೋಲ್ಡ್‌ಷ್ಮಿಟ್.

ಗೋಲ್ಡ್‌ಷ್ಮಿಟ್ ಹೇಳಿದ್ದನ್ನು ಕಣ್ಣಾರೆ ನೋಡಲು ದೇವನಹಳ್ಳಿ ತಾಲ್ಲೂಕಿನ ಕೊಯಿರಾ ಸಾಕು. ಶಿಲ್ಪಿಗಳಿಗೆ ಚೆನ್ನಾಗಿ ಪರಿಚಿತವಾದ ಕಲ್ಲು ಅಲ್ಲಿನದು. ಈ ಸೀಮೆಯ ನೈಸ್ ಶಿಲೆಯ ಹೊಸದಾಗಿ ಒಡೆದ ತುಂಡನ್ನು ಬಿಸಿಲಿಗೆ ಹಿಡಿದರೆ ಬಿಳಿ ಮತ್ತು ಬೂದು ಪಟ್ಟೆಗಳ ನಡುವೆ ಕಪ್ಪು ಎಳೆಗಳು ಓಡಿರುವುದು ಕಾಣುತ್ತದೆ. ಬಿಳಿಯಲ್ಲಿ ಗಾಜಿನಂತೆ ಹೊಳೆಯುವುದು ಬೆಣಚುಕಲ್ಲು, ಮಾಸಲಾಗಿರುವುದು ಫೆಲ್ಡ್‌ಸ್ಪಾರ್. ಕಪ್ಪು ಎಳೆಯನ್ನು ಉಗುರಿನಿಂದ ಕೆರೆದರೆ ತೆಳ್ಳನೆಯ ಹೊಳೆಯುವ ಪದರಗಳು ಏಳುತ್ತವೆ. ಅದು ಕಪ್ಪು ಅಭ್ರಕ, ಜನರ ಮಾತಿನಲ್ಲಿ ಕಾಗೆಬಂಗಾರ. ಫ್ಲೋರಿನ್ ಅಡಗಿರುವ ಮುಖ್ಯ ತಾಣಗಳಲ್ಲಿ ಇದು ಒಂದು. ಅಭ್ರಕದ ರಚನೆಯಲ್ಲಿ ಆಮ್ಲಜನಕ ಮತ್ತು ಹೈಡ್ರೋಜನ್ ಸೇರಿದ ಹೈಡ್ರಾಕ್ಸಿಲ್ ಎಂಬ ಜೋಡಿಗೆ ಒಂದು ಜಾಗವಿದೆ. ಫ್ಲೋರೈಡ್ ಅಯಾನಿನ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ, ವಿದ್ಯುದಾವೇಶವೂ ಅಷ್ಟೇ. ಹಾಗಾಗಿ ಅದು ಆ ಜಾಗದಲ್ಲಿ ಸಲೀಸಾಗಿ ಹೋಗಿ ಕೂರುತ್ತದೆ.

ಯುರೇನಿಯಂ ಇಂಥ ಜಾಗ ಸಿಗದ ಧಾತು. ಅದರ ಅಯಾನು ದೊಡ್ಡದು, ಆವೇಶವೂ ಹೆಚ್ಚು. ಸಾಮಾನ್ಯ ಖನಿಜಗಳ ಹರಳಿನೊಳಗೆ ಹಿಡಿಸುವುದಿಲ್ಲ. ಕರಗಿದ ಶಿಲೆ ತಣಿಯುತ್ತ ಹರಳುಗಟ್ಟುವಾಗ ಅದು ಕೊನೆಯವರೆಗೂ ಪಾಕದಲ್ಲೇ ಉಳಿದು, ಕಡೆಗೆ ಗಟ್ಟಿಯಾಗುವ ಗ್ರಾನೈಟ್‌ಗೆ ಸೇರುತ್ತದೆ. ಲಾಲ್‌ಬಾಗ್ ಬಂಡೆಯನ್ನೂ ಒಳಗೊಂಡ ಪೆನಿನ್ಸುಲಾರ್ ನೈಸ್‌ಗೆ ಸುಮಾರು 300 ಕೋಟಿ ವರ್ಷ. ಅದನ್ನು ಸೀಳಿಕೊಂಡು ಸುಮಾರು 250 ಕೋಟಿ ವರ್ಷಗಳ ಹಿಂದೆ ಮೇಲೆದ್ದದ್ದು ರಾಮನಗರದಿಂದ ಉತ್ತರಕ್ಕೆ ನೂರಾರು ಕಿಲೋಮೀಟರ್ ಚಾಚಿರುವ ಕ್ಲೋಸ್‌ಪೇಟೆ ಗ್ರಾನೈಟ್. ನೆಲಮಂಗಲ ತಾಲ್ಲೂಕಿನ ಶಿವಗಂಗೆಯೂ ಆ ಸಾಲಿನ ಬೆಟ್ಟ. ಬೆಂಗಳೂರು ಗ್ರಾಮಾಂತರ ಜಿಲ್ಲೆ ನಿಂತಿರುವುದು ಈ ಎರಡು ಬಗೆಯ ಶಿಲೆಗಳ ಮೇಲೆ. ಎರಡನೆಯ ಜರಡಿಯಲ್ಲಿ ಉಳಿದ ಧಾತುಗಳು ಇಲ್ಲಿ ಕಾಲಡಿಯಲ್ಲೇ ಇವೆ.

ಇಷ್ಟಾದರೂ ಕಲ್ಲಿನಲ್ಲಿ ಇದ್ದದ್ದೆಲ್ಲ ನೀರಿಗೆ ಬರುವುದಿಲ್ಲ. ಮೂರನೆಯ ಜರಡಿ ಇಲ್ಲಿ ಶುರುವಾಗುತ್ತದೆ, ಮತ್ತು ಅದರ ಮುಂದೆ ಸರಾಸರಿ ಪ್ರಮಾಣದ ಪಟ್ಟಿಗಳು ಸೋಲುತ್ತವೆ. ಭೂಕವಚದ ಮೇಲ್ಭಾಗದ ಒಂದು ಟನ್ ಶಿಲೆಯಲ್ಲಿ ಥೋರಿಯಂ ಸುಮಾರು 10 ಗ್ರಾಂ, ಯುರೇನಿಯಂ ಸುಮಾರು 3 ಗ್ರಾಂ. ಪಟ್ಟಿ ನೋಡಿ ಭಯಪಡುವುದಾದರೆ ಥೋರಿಯಂಗೆ ಭಯಪಡಬೇಕು. ಆದರೆ ಥೋರಿಯಂ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಯುರೇನಿಯಂ ಆಮ್ಲಜನಕ ತಾಗಿದ ಕೂಡಲೇ ರೂಪ ಬದಲಿಸಿ, ನೀರಿನಲ್ಲಿರುವ ಕಾರ್ಬೋನೇಟ್‌ನ ಜೊತೆ ಸೇರಿ, ಕರಗಿದ ಸ್ಥಿತಿಯಲ್ಲಿ ದೂರದವರೆಗೂ ಸಾಗುತ್ತದೆ. ಕಲ್ಲಿನಲ್ಲಿ ಹೆಚ್ಚಿರುವುದು ನೀರಿನಲ್ಲಿ ಕಾಣುವುದಿಲ್ಲ, ಕಡಿಮೆ ಇರುವುದು ಕೊಳವೆ ಬಾವಿಯಲ್ಲಿ ಮೇಲೆ ಬರುತ್ತದೆ.

ಫ್ಲೋರೈಡ್‌ನ ಕಥೆಯಲ್ಲಿ ಕ್ಯಾಲ್ಸಿಯಂ ಕಾವಲುಗಾರ. ನೀರಿನಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇದ್ದರೆ ಅದು ಫ್ಲೋರೈಡ್ ಜೊತೆ ಸೇರಿ ಕರಗದ ಖನಿಜವಾಗಿ ಕೆಳಗೆ ಕೂರುತ್ತದೆ. ನೀರು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತಾಗ ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ ಮತ್ತು ಬೈಕಾರ್ಬೋನೇಟ್ ಹೆಚ್ಚಿದರೆ ಕಾವಲು ಸಡಿಲಗೊಂಡು ಅಭ್ರಕದಲ್ಲಿದ್ದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಆಮೇಲೆ ಅದೇ ನೀರು ಮಗುವಿನ ದೇಹದೊಳಗೆ ಹೋಗಿ, ಬಂಡೆಯಲ್ಲಿ ಆಡಿದ ಆಟವನ್ನೇ ಹಲ್ಲಿನಲ್ಲೂ ಆಡುತ್ತದೆ. ಹಲ್ಲು ಮತ್ತು ಮೂಳೆಯ ಖನಿಜದಲ್ಲೂ ಹೈಡ್ರಾಕ್ಸಿಲ್‌ಗೆ ಒಂದು ಜಾಗವಿದೆ. ಫ್ಲೋರೈಡ್ ಅಲ್ಲೂ ಹೋಗಿ ಕೂರುತ್ತದೆ. ಅಲ್ಪ ಪ್ರಮಾಣದಲ್ಲಿ ಅದು ಹಲ್ಲನ್ನು ಹುಳುಕಿನಿಂದ ಕಾಪಾಡುತ್ತದೆ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಅತಿಯಾದರೆ ಯಾವ ಪೇಸ್ಟಿನಿಂದ ಉಜ್ಜಿದರೂ ಹೋಗದ ಕಲೆಗಳನ್ನು ಬಿಡುತ್ತದೆ. ಇನ್ನೂ ಹೆಚ್ಚಾಗಿ, ದಶಕಗಳ ಕಾಲ ಮುಂದುವರಿದರೆ ಬೆನ್ನು, ಮೊಣಕಾಲುಗಳನ್ನು ಬಿಗಿಯುತ್ತದೆ. ಭಾರತದಲ್ಲಿ ಈ ರೋಗವನ್ನು ವೈದ್ಯರು ಮೊದಲು ದಾಖಲಿಸಿದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಲ್ಲಿ.

ಫ್ಲೋರೈಡ್ ಪ್ರಕೃತಿ ಕೊಟ್ಟದ್ದು, ಅದಕ್ಕೆ ಯಾರನ್ನು ದೂರುವುದು ಎಂಬ ಮಾತು ಅಧಿಕಾರಿಗಳ ಬಾಯಲ್ಲೂ ಊರವರ ಬಾಯಲ್ಲೂ ಬರುತ್ತದೆ. ಮಾತಿನ ಅರ್ಧ ಭಾಗ ನಿಜ. ಫ್ಲೋರಿನ್ ಬಂಡೆಯಲ್ಲಿರುವುದು ಪ್ರಕೃತಿಯ ಕೆಲಸ. ಆ ಬಂಡೆಯ ಆಳದ ನೀರು ದಿನದ ಕುಡಿಯುವ ನೀರಾದದ್ದು ಪ್ರಕೃತಿಯ ಕೆಲಸವಲ್ಲ. ಕೆರೆಯ ಕೆಳಗಿನ ತೆರೆದ ಬಾವಿಯ ನೀರು ಮಳೆಗಾಲಕ್ಕೊಮ್ಮೆ ಹೊಸದಾಗುತ್ತಿತ್ತು; ಬಂಡೆಯ ಜೊತೆ ಅದರ ಸಹವಾಸ ಕಡಿಮೆ. ಅರ್ಕಾವತಿ ಹರಿಯುವ ದೊಡ್ಡಬಳ್ಳಾಪುರ, ದಕ್ಷಿಣ ಪಿನಾಕಿನಿ ಹರಿಯುವ ಹೊಸಕೋಟೆ ಎರಡೂ ಇಂದು ವರ್ಷವಿಡೀ ಹರಿಯುವ ಹೊಳೆಯಿಲ್ಲದ ತಾಲ್ಲೂಕುಗಳು. ದೇವನಹಳ್ಳಿ, ನೆಲಮಂಗಲವೂ ಸೇರಿ ನಾಲ್ಕೂ ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿ ಕಾಣಿಸಿಕೊಂಡಿವೆ. ಸಾವಿರ ಅಡಿ ದಾಟಿ ಬೋರ್ ಕೊರೆಸುವುದು ಈ ಭಾಗದಲ್ಲಿ ಯಾರಿಗೂ ಆಶ್ಚರ್ಯವಲ್ಲ. ಆಳ ಹೆಚ್ಚಿದಷ್ಟೂ ನೀರು ಹಳೆಯದಾಗುವ, ಬಂಡೆಯ ಜೊತೆ ಹೆಚ್ಚು ಕಾಲ ಕಳೆದಿರುವ ಸಂಭವ ಹೆಚ್ಚು. ಮೂರನೆಯ ಜರಡಿಯನ್ನು ಈಗ ಅಲ್ಲಾಡಿಸುತ್ತಿರುವುದು ಸಬ್‌ಮರ್ಸಿಬಲ್ ಪಂಪು.

ಸರಾಸರಿಯನ್ನು ನಂಬಿ ಕೂರಲಾಗದು ಎಂಬುದಕ್ಕೆ ಪಕ್ಕದ ಕೋಲಾರದ ಚಿನ್ನವೇ ಸಾಕ್ಷಿ. ಭೂಕವಚದ ಒಂದು ಟನ್ ಶಿಲೆಯಲ್ಲಿ ಚಿನ್ನ ಸರಾಸರಿ ಕೆಲವೇ ಮಿಲಿಗ್ರಾಂ. 2001ರಲ್ಲಿ ಮುಚ್ಚುವವರೆಗೂ ಕೆಜಿಎಫ್ ಗಣಿಗಳಲ್ಲಿ ಟನ್‌ಗೆ ಹಲವು ಗ್ರಾಂ ಚಿನ್ನವಿದ್ದ ಅದಿರನ್ನು ತೆಗೆಯುತ್ತಿದ್ದರು. ಸರಾಸರಿಗಿಂತ ಸಾವಿರ ಪಟ್ಟಿಗೂ ಮಿಗಿಲು. ಚಿನ್ನದ ವಿಷಯದಲ್ಲಿ ಯಾರೂ ಜಿಲ್ಲೆಯ ಸರಾಸರಿ ಕೇಳಲಿಲ್ಲ; ಯಾವ ಸೀಳಿನಲ್ಲಿ, ಎಷ್ಟು ಆಳದಲ್ಲಿ ಇದೆ ಎಂದು ಅಡಿ ಅಡಿಗೂ ಅಳೆದರು. ಅಷ್ಟೇ ಶ್ರದ್ಧೆ ಕುಡಿಯುವ ನೀರಿಗೂ ಸಲ್ಲಬೇಕು.

2021ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದ ಆರ್. ಶ್ರೀನಿವಾಸನ್ ಮತ್ತು ಸಂಗಡಿಗರು ಪೂರ್ವ ಕರ್ನಾಟಕದ ಗ್ರಾನೈಟ್–ನೈಸ್ ಸೀಮೆಯ 73 ಹಳ್ಳಿಗಳ ಅಂತರ್ಜಲದ ಫಲಿತಾಂಶ ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರ್‌ಗೆ 30 ಮೈಕ್ರೋಗ್ರಾಂ ಯುರೇನಿಯಂ; 57 ಹಳ್ಳಿಗಳಲ್ಲಿ ಅದು ಮೀರಿತ್ತು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿಯಾದ 60 ಮೈಕ್ರೋಗ್ರಾಂ ಕೂಡ 48 ಹಳ್ಳಿಗಳಲ್ಲಿ ಮೀರಿತ್ತು. ನೀರಿನಲ್ಲಿ ಸೇರುವ ಯುರೇನಿಯಂನ ಮುಖ್ಯ ಅಪಾಯ ವಿಕಿರಣಕ್ಕಿಂತ ಹೆಚ್ಚಾಗಿ ಅದರ ರಾಸಾಯನಿಕ ವಿಷತ್ವ, ಅದರಿಂದ ಮೂತ್ರಪಿಂಡಕ್ಕಾಗುವ ಹಾನಿ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ, ಹಲ್ಲಿನ ಮೇಲೆ ಗುರುತೂ ಇಲ್ಲ. ಅಳೆಯದ ಹೊರತು ಗೊತ್ತಾಗುವ ದಾರಿಯೇ ಇಲ್ಲ. ಗ್ರಾಮಾಂತರ ಜಿಲ್ಲೆಯ ಬಂಡೆಯೂ ಅದೇ ಕುಲದ್ದಾಗಿರುವಾಗ ಇಲ್ಲಿನ ನೀರು ಕ್ಷೇಮ ಎಂದು ಪರೀಕ್ಷೆಗೆ ಮೊದಲೇ ನಂಬುವುದಕ್ಕೆ ಆಧಾರವಿಲ್ಲ. ಎಲ್ಲ ಕಡೆ ಅಪಾಯವಿದೆ ಎಂದು ಹೆದರುವುದಕ್ಕೂ ಇಲ್ಲ. ಒಂದೇ ಊರಿನ ಎರಡು ಬೋರ್‌ಗಳು ಬೇರೆ ಬೇರೆ ಬಿರುಕುಗಳಿಂದ ನೀರು ಎಳೆಯುತ್ತವೆ. ಒಂದರ ಫಲಿತಾಂಶ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ.

ಊರೂರಿಗೂ ಶುದ್ಧ ಕುಡಿಯುವ ನೀರಿನ ಘಟಕ ಬಂದಿದೆಯಲ್ಲ, ಇನ್ನೇನು ಚಿಂತೆ ಎಂದು ಕೇಳಬಹುದು. ಆರ್‌ಒ ಯಂತ್ರ ಸರಿಯಾಗಿ ನಡೆದರೆ ಫ್ಲೋರೈಡನ್ನೂ ಯುರೇನಿಯಂ ಅನ್ನೂ ಬಹುಮಟ್ಟಿಗೆ ತೆಗೆಯುತ್ತದೆ, ನಿಜ. ಆದರೆ ಪೊರೆ ಹಳತಾದಾಗ ನೀರಿನ ರುಚಿ ಬದಲಾಗುವ ಮೊದಲೇ ಗುಣ ಕೆಡಬಹುದು. ಕ್ಯಾನ್ ನೀರು ಕುಡಿಯುವುದಕ್ಕೆ ಮಾತ್ರ. ಮುದ್ದೆಗೆ, ಸಾರಿಗೆ, ದನಕ್ಕೆ ಹಲವು ಮನೆಗಳಲ್ಲಿ ಇಂದಿಗೂ ಬೋರ್ ನೀರೇ. ಯಂತ್ರ ಬೇರ್ಪಡಿಸಿದ ಧಾತುಗಳು ಮಾಯವಾಗುವುದೂ ಇಲ್ಲ; ಹೊರಬಿಡುವ ನೀರಿನಲ್ಲಿ ಇನ್ನಷ್ಟು ದಟ್ಟವಾಗಿ ಸೇರಿ ಅಲ್ಲೇ ಪಕ್ಕದ ಚರಂಡಿಗೆ, ಮತ್ತೆ ನೆಲಕ್ಕೆ ಹೋಗುತ್ತವೆ. ಮೂಲದ ಬೋರ್‌ನಲ್ಲಿ ಏನಿದೆ ಎಂದು ತಿಳಿಯದೆ ಯಂತ್ರ ಕೂರಿಸುವುದು ರೋಗ ಗುರುತಿಸದೆ ಔಷಧ ಕೊಡುವ ಕ್ರಮ.

ಖರ್ಚಿನ ಮಾತೂ ಬರುತ್ತದೆ. ಫ್ಲೋರೈಡ್ ಪರೀಕ್ಷೆಗೆ ಖರ್ಚು ದೊಡ್ಡದಲ್ಲ. ಜಲಜೀವನ ಮಿಷನ್‌ನಲ್ಲಿ ಹಳ್ಳಿಯ ಮಹಿಳೆಯರಿಗೆ ಕೊಡುವ ಕಿಟ್‌ಗಳಲ್ಲಿ ಅದಕ್ಕೆ ವ್ಯವಸ್ಥೆ ಇದೆ. ಜಿರ್ಕೋನಿಯಂ ಬೆರೆತ ಬಣ್ಣದ ದ್ರಾವಣವನ್ನು ನೀರಿನ ಮಾದರಿಗೆ ಹನಿಸುತ್ತಾರೆ. ಫ್ಲೋರೈಡ್ ಇದ್ದರೆ ಅದು ಜಿರ್ಕೋನಿಯಂ ಅನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಗುಲಾಬಿ ಬಣ್ಣ ಹಳದಿಗೆ ತಿರುಗುತ್ತದೆ. ಬಣ್ಣದ ಪಟ್ಟಿಯ ಪಕ್ಕ ಹಿಡಿದು ನೋಡಿದರೆ ಲೀಟರ್‌ಗೆ 1.5 ಮಿಲಿಗ್ರಾಂ ಮಿತಿ ದಾಟಿದೆಯೇ ಎಂಬ ಅಂದಾಜು ಅಲ್ಲೇ ಸಿಗುತ್ತದೆ. ಯುರೇನಿಯಂಗೆ ಇಂಥ ಸುಲಭದ ಕಿಟ್ ಇಲ್ಲ, ಪ್ರಯೋಗಾಲಯವೇ ಬೇಕು. ಆದರೆ ಅದಕ್ಕೆ ಬೇಕಾದ ಫ್ಲೋರಿಮೀಟರ್‌ಗಳನ್ನು ಇಂದೋರ್‌ನ ಪರಮಾಣು ಶಕ್ತಿ ಇಲಾಖೆಯ ಕೇಂದ್ರವೇ ರೂಪಿಸಿದೆ. ಭಾರತೀಯ ಮಾನಕ ಬ್ಯೂರೋ ಕೂಡ ಕುಡಿಯುವ ನೀರಿನ ಮಾನದಂಡಕ್ಕೆ ಯುರೇನಿಯಂ ಮಿತಿಯನ್ನು ಸೇರಿಸಿದೆ. ಮಿತಿ ಬರೆದ ಮೇಲೆ ಅಳೆಯುವುದು ಸರ್ಕಾರದ ಕರ್ತವ್ಯ.

ಆಗಬೇಕಾದ ಕೆಲಸದ ಪಟ್ಟಿ ಉದ್ದವಿಲ್ಲ. ಗ್ರಾಮ ಪಂಚಾಯಿತಿಗಳು ಕುಡಿಯಲು ನೀರು ಕೊಡುವ ಪ್ರತಿ ಕೊಳವೆ ಬಾವಿಯ ನೀರನ್ನೂ ಮಳೆಗೆ ಮುಂಚೆ ಒಮ್ಮೆ, ಮಳೆಯ ನಂತರ ಒಮ್ಮೆ ಫ್ಲೋರೈಡ್‌ಗಾಗಿ ಪರೀಕ್ಷಿಸಬೇಕು. ಯುರೇನಿಯಂ ಪರೀಕ್ಷೆ ಜಿಲ್ಲಾ ಪ್ರಯೋಗಾಲಯದ ವಾಡಿಕೆಯ ಪಟ್ಟಿಗೆ ಸೇರಬೇಕು. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಸಂಸ್ಕರಿಸಿದ ನೀರು ತುಂಬಿದ ದೇವನಹಳ್ಳಿ ಕಡೆಯ ಕೆರೆಗಳ ಸುತ್ತ ಅಂತರ್ಜಲದ ರಸಾಯನವೂ ಬದಲಾಗುತ್ತಿರುವ ಕಾರಣ ಅಲ್ಲಿ ಹಳೆಯ ಫಲಿತಾಂಶಗಳನ್ನು ನೆಚ್ಚದೆ ಮತ್ತೆ ಅಳೆಯಬೇಕು. ಶಾಲೆಗಳಲ್ಲಿ ‘ಭೂಕವಚದಲ್ಲಿ ಹೆಚ್ಚಾಗಿರುವ ಧಾತು ಯಾವುದು’ ಎಂಬ ಒಂದು ಅಂಕದ ಪ್ರಶ್ನೆಗೆ ನಿಲ್ಲದೆ, ಹತ್ತನೇ ತರಗತಿಯ ಮಕ್ಕಳು ತಮ್ಮ ಊರಿನ ಬೋರ್ ನೀರನ್ನು ತಾವೇ ಪರೀಕ್ಷಿಸಿ, ಅದು ಕೊರೆದ ಆಳದ ಜೊತೆ ಹೋಲಿಸಿ ನೋಡುವ ಪಾಠ ಬರಬೇಕು. ಬಂದ ಅಂಕಿಗಳನ್ನು ಕಡತದಲ್ಲಿಡದೆ ನೀರಿನ ಟ್ಯಾಂಕಿನ ಗೋಡೆಯ ಮೇಲೆ, ಬೋರ್‌ನ ಆಳ ಮತ್ತು ಪರೀಕ್ಷೆಯ ತಾರೀಖಿನ ಸಮೇತ, ಬಿಂದಿಗೆ ಹಿಡಿದು ಬಂದವರಿಗೆ ಕಾಣುವಂತೆ ಬರೆಯಬೇಕು.